ಸೀಸೆಯ ಹಿಂದಣ ಸಣ್ಣ ಅಕ್ಷರ

ದಾಸೋಹದ ಮನೆಗಳ ಅಡುಗೆಯ ಕುರಿತು ಈ ತಿಂಗಳು ಬರೆಯುವೆವೆಂದು ಹಿಂದಿನ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆವು. ಅದನ್ನು ಮುಂದಕ್ಕೆ ಹಾಕುತ್ತಿರುವುದಕ್ಕೆ ಓದುಗ ಶರಣರು ಮನ್ನಿಸಬೇಕು. ನಡುವೆ ರಾಜೇಶ್ವರದಲ್ಲಿ ಒಂದು ಗುರುಪ್ರವೇಶಕ್ಕೆ ಹೋಗಿ ಬಂದೆವು. ಅಲ್ಲಿ ಕಂಡ ಒಂದು ಸೀಸೆ ಇನ್ನೂ ನಮ್ಮ ಮನಸ್ಸಿನಿಂದ ಇಳಿದಿಲ್ಲ. ಬಿಯರಿನ ಸೀಸೆಯ ಮಾತು ಈ ಪುಟಗಳಿಗೆ ಹೊಂದುವುದೇ ಎಂದು ಹಿರಿಯರು ಕೆಲವರು ಹುಬ್ಬು ಗಂಟಿಕ್ಕಬಹುದು. ದೇವರ ಜಗುಲಿಯ ಮೇಲೆಯೇ ಬಂದು ಕುಳಿತ ವಸ್ತುವಿನ ವಿಚಾರ ಮನೆಮಂದಿಯ ಪತ್ರಿಕೆಯಲ್ಲಿ ಬಾರದೆ ಇನ್ನೆಲ್ಲಿ ಬರಬೇಕು?

ರಾಜೇಶ್ವರ ಬಸವಕಲ್ಯಾಣ ತಾಲ್ಲೂಕಿನ ಊರು. ಹೈದರಾಬಾದಿನಿಂದ ಜಹೀರಾಬಾದು, ಹುಮನಾಬಾದು ದಾಟಿ ಸೊಲ್ಲಾಪುರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ಹಾಯ್ದು ಹೋಗುತ್ತದೆ. ಹಿಂದೆ ಅದರ ಸಂಖ್ಯೆ 9, ಈಗ 65. ನಾವು ಹೋದ ಮನೆ ತೊಗರಿ, ಕಡಲೆ ಬೆಳೆಯುವ ಒಕ್ಕಲುತನದ ಮನೆ. ಹಿರಿಯ ಮಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಸಾಲ ಮಾಡಿಯೇ ಕಟ್ಟಿದ ಮನೆಯಾದರೂ ಕಟ್ಟಡ ಚೆಲುವಾಗಿತ್ತು, ಜಂಗಮರ ಪಾದಪೂಜೆ ಕ್ರಮವಾಗಿ ನಡೆದಿತ್ತು. ಪೂಜೆಗೆ ಕುಳಿತಾಗ ಜಗುಲಿಯ ಮೂಲೆಯಲ್ಲಿ, ನಂದಾದೀಪದ ಪಕ್ಕ, ದಪ್ಪ ಗಾಜಿನ ಒಂದು ಸೀಸೆ ಕಣ್ಣಿಗೆ ಬಿತ್ತು. ಅದರ ತುಂಬ ದೀಪದ ಎಣ್ಣೆ. ಮೈಮೇಲೆ ಚಿನ್ನದ ಬಣ್ಣದ ಚೀಟಿ, ಒಂದು ಕಿರೀಟದ ಚಿತ್ರ, ಯುರೋಪಿನ ಒಂದು ಊರಿನ ಹೆಸರು, ಬಹಳ ಹಳೆಯ ಒಂದು ಇಸವಿ.

ನಮ್ಮ ದೃಷ್ಟಿ ಅತ್ತ ಹೋದದ್ದನ್ನು ಕಂಡು ಮನೆಯ ಹಿರಿಯ ಆಯಿ ಸಂತೋಷದಿಂದಲೇ ಹೇಳಿದರು: “ಮೊಮ್ಮಗ ವಿಲಾಯತಿ ಸೀಸೆ ತಂದಾನ್ರಿ ಶಾಸ್ತ್ರಿಗಳ. ಛಂದ ಅದ ಅಂತ ತೊಳದು ಎಣ್ಣಿ ಹಾಕಿಟ್ಟೀನಿ.”

ಆಯಿಯ ಮಗ, ಅಂದರೆ ಮನೆಯ ಯಜಮಾನರು, ಸ್ವಲ್ಪ ಸಂಕೋಚಪಟ್ಟರು. “ಅದು ಸೆರಿ ಅಲ್ರಿ. ಫಾರಿನ್ ಬಿಯರ್ ಅಂತ. ಇವನ ಕಂಪನಿಗೆ ಜರ್ಮನಿ ಸಾಹೇಬರು ಬಂದಿದ್ರು, ಅವರೇ ಒಂದು ಡಬ್ಬಿ ಕೊಟ್ಟು ಹೋಗ್ಯಾರ” ಎಂದರು. ತಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಸೆರೆ ಮುಟ್ಟಿಲ್ಲ ಎಂಬುದನ್ನೂ ಜೊತೆಗೆ ಸೇರಿಸಿದರು. ಆ ಎರಡು ಮಾತುಗಳೂ ಅವರ ಮನಸ್ಸಿನಲ್ಲಿ ಒಂದಕ್ಕೊಂದು ತಾಗದೆ ಕುಳಿತಿದ್ದವು. ಸೆರೆ ನಮ್ಮ ಊರಿನದು, ಸೇಂದಿ ನಮ್ಮ ಊರಿನದು. ಇದು ಹೊರದೇಶದ್ದು, ಆದುದರಿಂದ ಬೇರೆ ಜಾತಿಯ ವಸ್ತು.

ನಾವು ಕನ್ನಡಕ ಹಾಕಿಕೊಂಡು ಸೀಸೆಯನ್ನು ಹಿಂದಕ್ಕೆ ತಿರುಗಿಸಿದೆವು. ಬಾಲ್ಯದಲ್ಲಿ ಮಠದಲ್ಲಿ ಓಲೆಯ ಗರಿಗಳನ್ನು ಓದಿಸಿದ ಗುರುಗಳು, ಗ್ರಂಥವನ್ನು ಮೊದಲು ಕೊನೆಯ ಗರಿಯಿಂದ ನೋಡಬೇಕೆನ್ನುತ್ತಿದ್ದರು. ಬರೆದವನಾರು, ಯಾವ ಊರಲ್ಲಿ ಕುಳಿತು ಬರೆದ ಎಂಬುದು ಅಲ್ಲಿರುತ್ತದೆ. ಆ ಅಭ್ಯಾಸ ಇಲ್ಲಿಯೂ ಕೆಲಸಕ್ಕೆ ಬಂತು. ಇರುವೆಸಾಲಿನಂಥ ಅಕ್ಷರಗಳಲ್ಲಿ ತಯಾರಾದ ಸ್ಥಳ ಅಚ್ಚಾಗಿತ್ತು: ಸಂಗಾರೆಡ್ಡಿ ಜಿಲ್ಲೆ, ತೆಲಂಗಾಣ. ಅದರ ಕೆಳಗೆ, ತೆಲಂಗಾಣ ರಾಜ್ಯದಲ್ಲಿ ಮಾತ್ರ ಮಾರತಕ್ಕದ್ದು ಎಂಬ ಇನ್ನೊಂದು ಸಾಲು.

ಗಟ್ಟಿಯಾಗಿ ಓದಿಬಿಟ್ಟೆವು. ಶುಭಕಾರ್ಯದ ದಿನ ಹಾಗೆ ಓದಿದ್ದು ಸರಿಯೇ ಎಂದು ನಮಗೆ ಇನ್ನೂ ಅನುಮಾನವಿದೆ. ಬಾಗಿಲಲ್ಲಿ ನಿಂತಿದ್ದ ಹುಡುಗನ ಮುಖ ಕೆಳಗಾಯಿತು. ಯಜಮಾನರು ಮೆಲ್ಲನೆ ಕೇಳಿದರು: “ಸಂಗಾರೆಡ್ಡಿ ಅಂದ್ರ ನಮ್ಮ ಸಂಗಾರೆಡ್ಡೀನೇ ಏನ್ರಿ?” ತೊಗರಿಯ ಲಾರಿಯ ಮೇಲೆ ಕುಳಿತು ಆ ದಾರಿಯಾಗಿ ಹೈದರಾಬಾದಿಗೆ ಎಷ್ಟೋ ಸಲ ಹೋಗಿಬಂದವರು ಅವರು. ರಾಜೇಶ್ವರದಲ್ಲಿ ಬಸ್ಸು ಹತ್ತಿದರೆ ಕೆಲವೇ ತಾಸುಗಳಲ್ಲಿ ಆ ಊರು ಬರುತ್ತದೆ. ನಮ್ಮ ಬೀದರ ಜಿಲ್ಲೆಯಲ್ಲಿ ಹರಿದ ಮಾಂಜ್ರಾ ನದಿಯೇ ಮುಂದೆ ಆ ಸೀಮೆಗೂ ಹರಿದು ಹೋಗುತ್ತದೆ.

ಆ ಮನೆಯಲ್ಲಿ ಮುಂದೆ ನಡೆದದ್ದನ್ನು ಆಮೇಲೆ ಹೇಳುವೆವು. ಹೊರನಾಡಿನ ಹೆಸರು ಹೊತ್ತ ಪೇಯ ನೆರೆಯ ಜಿಲ್ಲೆಯಲ್ಲಿ ಹುಟ್ಟುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು.

ಬಿಯರಿನಲ್ಲಿ 100 ಪಾಲಿಗೆ 90ಕ್ಕೂ ಹೆಚ್ಚು ಪಾಲು ನೀರು. ಉಳಿದದ್ದು ಮೊಳಕೆ ಬರಿಸಿ ಹುರಿದ ಜವೆಗೋಧಿಯ ಸಾರ, ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ, ಹುದುಗಿಸುವ ಈಸ್ಟ್, ಆ ಹುದುಗಿನಿಂದ ಹುಟ್ಟಿದ ಮದ್ಯಸಾರ. ನೀರನ್ನು ಗಾಜಿನಲ್ಲಿ ತುಂಬಿ ಸಮುದ್ರ ದಾಟಿಸುವುದು ದುಬಾರಿಯ ಕೆಲಸ, ಬಂದರಿನಲ್ಲಿ ಸುಂಕವೂ ಭಾರಿ. ಆದ್ದರಿಂದ ಹೊರದೇಶದ ಕಂಪನಿಗಳು ಪಾಕದ ವಿಧಾನವನ್ನೂ ಹೆಸರನ್ನೂ ಇಲ್ಲಿಗೆ ತಂದು, ನೀರನ್ನೂ ದುಡಿಮೆಯನ್ನೂ ಇಲ್ಲಿಯದನ್ನೇ ಹಿಡಿಯುತ್ತವೆ. ಆಸ್ಟ್ರೇಲಿಯಾದ ಹೆಸರಿನ ಫಾಸ್ಟರ್ಸ್ ನಮ್ಮ ನೆರೆಯ ಔರಂಗಾಬಾದಿನಲ್ಲಿ ತಯಾರಾಯಿತು. ಹಾಲೆಂಡಿನ ಹೈನೆಕೆನ್ 2011ರಿಂದ ಮುಂಬಯಿಯ ಹತ್ತಿರದ ತಳೋಜೆಯಲ್ಲಿ ತಯಾರಾಗತೊಡಗಿತು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಎಂಬ ಹಳೆಯ ಸಂಸ್ಥೆಯ ಹಿರಿಪಾಲು 2021ರಲ್ಲಿ ಅದೇ ಹೈನೆಕೆನ್ನಿನ ಕೈಸೇರಿತು. ಮೈಸೂರು, ನಂಜನಗೂಡಿನ ಸೀಮೆಯಲ್ಲಿಯೂ ಇಂಥ ಕಾರ್ಖಾನೆಗಳಿವೆ. ಇದರಲ್ಲಿ ಕಾನೂನಿಗೆ ವಿರುದ್ಧವಾದುದು ಏನೂ ಇಲ್ಲ. ಸೀಸೆಯ ಮೇಲೆ ‘ಆಮದು’ ಎಂದು ಯಾರೂ ಅಚ್ಚುಹಾಕುವುದಿಲ್ಲ. ಹಿಂಬದಿಯಲ್ಲಿ ಊರಿನ ಹೆಸರು ಇದ್ದೇ ಇರುತ್ತದೆ. ನಿಜವಾಗಿ ಹೊರಗಿನಿಂದ ಬಂದ ಸರಕಾದರೆ ತರಿಸಿದವರ ಹೆಸರು, ವಿಳಾಸ, ಮೂಲದೇಶ ಇವೆಲ್ಲ ಅಚ್ಚಾಗಿರಬೇಕೆಂಬ ನಿಯಮವೂ ಇದೆ.

ಹಾಗಾದರೆ ದೋಷವೆಲ್ಲಿ? ಈ ಪ್ರಶ್ನೆ ಅಮೇರಿಕೆಯ ನ್ಯಾಯಾಲಯಗಳ ಮುಂದೆಯೂ ಬಂತು. ಬೆಕ್ಸ್ ಎಂಬ ಬಿಯರು 1873ರಿಂದ ಜರ್ಮನಿಯ ಬ್ರೆಮೆನ್ ನಗರದ್ದು. 2012ರಲ್ಲಿ ಅದರ ಒಡೆಯರು ಅಮೇರಿಕೆಗೆ ಬೇಕಾದ ಬೆಕ್ಸನ್ನು ಅಲ್ಲಿಯ ಸೇಂಟ್ ಲೂಯಿಸ್ ನಗರದಲ್ಲಿಯೇ ತಯಾರಿಸಲು ಆರಂಭಿಸಿದರು. ಚೀಟಿಯ ಮೇಲೆ ಜರ್ಮನಿಯಲ್ಲಿ ಹುಟ್ಟಿದ್ದು, 1516ರ ಜರ್ಮನ್ ಶುದ್ಧತೆಯ ಕಟ್ಟಳೆಯಂತೆ ಮಾಡಿದ್ದು ಎಂಬ ಮಾತುಗಳು ಉಳಿದವು. ಅಮೇರಿಕೆಯಲ್ಲಿ ತಯಾರಾದುದೆಂಬ ಸಣ್ಣ ಸಾಲು ಸೀಸೆಗಳನ್ನಿಟ್ಟ ರಟ್ಟಿನ ಪೆಟ್ಟಿಗೆಯ ಮರೆಯಲ್ಲಿ ಬೀಳುತ್ತಿತ್ತು. ಕೊಂಡವರು 2013ರಲ್ಲಿ ಫ್ಲೋರಿಡಾದಲ್ಲಿ ದಾವೆ ಹೂಡಿದರು. ಕೊಳ್ಳುವವನು ಪೆಟ್ಟಿಗೆಯಿಂದ ಸೀಸೆಯನ್ನು ಎತ್ತಿ, ತಿರುಗಿಸಿ ನೋಡಲೇಬೇಕೆಂದು ಹೇಳಲಾಗದು ಎಂಬ ನಿಲುವಿನಿಂದ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಲು ಒಪ್ಪಲಿಲ್ಲ. 2015ರಲ್ಲಿ ಕಂಪನಿ ರಾಜಿಗೆ ಬಂದಿತು. ರಶೀದಿ ತೋರಿಸಿದ ಮನೆಗೆ 50 ಡಾಲರುಗಳವರೆಗೆ, ರಶೀದಿಯಿಲ್ಲದವರಿಗೆ 12 ಡಾಲರುಗಳವರೆಗೆ ಹಣ ಹಿಂತಿರುಗಿಸುವುದೆಂದು, ತಯಾರಾದ ದೇಶವನ್ನು ಕಾಣುವಂತೆ ಅಚ್ಚುಹಾಕುವುದೆಂದು ನಿಶ್ಚಯವಾಯಿತು. ಜಪಾನಿನ ಕಿರಿನ್ ಬಿಯರಿನದೂ ಇಂಥದೇ ಕಥೆ.

ಜಮೈಕಾ ದ್ವೀಪದ ರೆಡ್ ಸ್ಟ್ರೈಪ್ ವಿಷಯದಲ್ಲಿ ಮಾತ್ರ ತೀರ್ಪು ತಿರುಗಿಬಿತ್ತು. ಅದು ಪೆನ್ಸಿಲ್ವೇನಿಯಾದಲ್ಲಿ ತಯಾರಾಗುತ್ತಿತ್ತು. ಜಮೈಕಾ ಶೈಲಿ, ಜಮೈಕಾದ ರುಚಿ ಎಂದರೆ ಅಲ್ಲಿಯೇ ಮಾಡಿದ್ದೆಂದು ಹೇಳಿದಂತಾಗಲಿಲ್ಲ ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯ 2016ರಲ್ಲಿ ದಾವೆಯನ್ನು ವಜಾ ಮಾಡಿತು.

ನಮ್ಮ ನಾಡಿನ ಮೊಕದ್ದಮೆ ಇದಕ್ಕಿಂತ ಹಳೆಯದು, ಬಿಯರಿನದಲ್ಲ, ವಿಸ್ಕಿಯದು. ಬೆಂಗಳೂರಿನ ಖೋಡೆ ಡಿಸ್ಟಿಲರೀಸ್ 1968ರಿಂದ ‘ಪೀಟರ್ ಸ್ಕಾಟ್’ ಎಂಬ ವಿಸ್ಕಿಯನ್ನು ಮಾರುತ್ತಿತ್ತು. ಸ್ಕಾಟ್ ಎಂಬ ಮಾತು ಕೇಳಿದರೆ ಸ್ಕಾಟ್‌ಲೆಂಡಿನದೆಂದು ಜನ ಭ್ರಮಿಸುತ್ತಾರೆ ಎಂದು ಅಲ್ಲಿಯ ವಿಸ್ಕಿ ತಯಾರಕರ ಸಂಘ 1986ರಲ್ಲಿ ಆಕ್ಷೇಪಿಸಿತು. ಕೆಳಗಿನ ಹಂತಗಳಲ್ಲಿ ಸಂಘ ಗೆದ್ದಿತು. 2008ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬೆಂಗಳೂರಿನ ಕಂಪನಿಯ ಪರವಾಗಿ ತೀರ್ಪಿತ್ತಿತು. ವಿಷಯ ಗೊತ್ತಿದ್ದೂ ಸಂಘ ಬಹುವರ್ಷ ಸುಮ್ಮನಿದ್ದುದು ಒಂದು ಕಾರಣ. ಬೆಲೆಬಾಳುವ ವಿಸ್ಕಿ ಕೊಳ್ಳುವವರು ತಿಳಿದವರು, ಹಣದ ಬೆಲೆ ಬಲ್ಲವರು, ಸುಲಭವಾಗಿ ಮೋಸಹೋಗುವವರಲ್ಲ ಎಂಬುದು ಇನ್ನೊಂದು. ನ್ಯಾಯಪೀಠದ ಮಾತಿಗೆ ನಾವು ಪ್ರತಿ ಹೇಳಲಾರೆವು. ಆದರೆ ಪೇಟೆಯ ಆ ತಿಳಿದವರ ಸಾಲಿನಲ್ಲಿ ರಾಜೇಶ್ವರದ ಆಯಿಯೂ ಅವರ ಮಗನೂ ಇರಲಿಲ್ಲ. ಸೀಸೆಯನ್ನು ಕೊಳ್ಳುವವನು ಒಬ್ಬ, ಅದರ ಹೆಸರನ್ನು ನಂಬುವವರು ಮನೆತುಂಬ.

ಅಬಕಾರಿ ವ್ಯವಹಾರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಮಾತಂತೂ ನಮಗೆ ನಗೆಯನ್ನೇ ತರಿಸುತ್ತದೆ: ‘ಭಾರತದಲ್ಲಿ ತಯಾರಾದ ವಿದೇಶಿ ಮದ್ಯ’. ತರ್ಕಶಾಸ್ತ್ರದಲ್ಲಿ ಇಲ್ಲದ ವಸ್ತುವಿಗೆ ಮೊಲದ ಕೊಂಬನ್ನು ಉದಾಹರಣೆ ಕೊಡುತ್ತಾರೆ. ಈ ಮೊಲದ ಕೊಂಬಿಗೆ ಸರಕಾರದ ಮುದ್ರೆಯೂ ಇದೆ. ಹೀಗೆ ಮಾರಾಟವಾಗುವ ವಿಸ್ಕಿಯಲ್ಲಿ ಬಹುಪಾಲು ಕಾಕಂಬಿಯಿಂದ ಬಟ್ಟಿಯಿಳಿಸಿದ್ದು. ನಮ್ಮ ಹೊಲದ ಕಬ್ಬು ಸಕ್ಕರೆಯಾದ ಮೇಲೆ ಉಳಿಯುವ ಕಪ್ಪುಪಾಕವದು. ಯುರೋಪಿನ ಕಾನೂನು ಅದನ್ನು ವಿಸ್ಕಿಯೆಂದು ಕರೆಯಲೂ ಬಿಡುವುದಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಊರ ಹೆಸರಿನದು ಹೋಯಿತು, ಹೊರಗಿನ ಹೆಸರು ಹೊತ್ತದ್ದು ಉಳಿಯಿತು. ಕುಡಿತದ ಮನೆಗಳ ತಾಯಂದಿರಿಗೆ ಈ ಎರಡರ ನಡುವಣ ಭೇದವನ್ನು ಯಾರಾದರೂ ವಿವರಿಸಲಿ.

ಮೋಸ ಒಂದೇ ದಿಕ್ಕಿನದಲ್ಲ ಎಂಬುದನ್ನೂ ಹೇಳದಿದ್ದರೆ ನಮ್ಮ ಮಾತು ಪಕ್ಷಪಾತವಾದೀತು. ಇಂಗ್ಲೆಂಡಿನ ಬರ್ಟನ್ ಎಂಬ ಊರಿನ ಬಿಯರ್ ತಯಾರಕರು 1820ರ ದಶಕದಿಂದ ಭಾರತದಲ್ಲಿದ್ದ ಆಂಗ್ಲರಿಗಾಗಿ ಬಿಯರು ಮಾಡಿ ಹಡಗುಗಳಲ್ಲಿ ಕಳಿಸುತ್ತಿದ್ದರು. ಕಾಲ ತಿರುಗಿತು. 1990ರಲ್ಲಿ ಕೋಬ್ರಾ ಎಂಬ ಹೆಸರಿನ ಬಿಯರು ಬೆಂಗಳೂರಿನ ಮೈಸೂರ್ ಬ್ರೂವರೀಸ್‌ನಲ್ಲಿ ತಯಾರಾಗಿ ಇಂಗ್ಲೆಂಡಿಗೆ ಹೋಗತೊಡಗಿತು. ಭಾರತೀಯ ಊಟದ ಹೋಟೆಲುಗಳಲ್ಲಿ ಅದಕ್ಕೆ ಬೇಡಿಕೆ ಬಂತು. ಬೇಡಿಕೆ ಬಂದೊಡನೆ, ಆ ದಶಕ ಮುಗಿಯುವ ಮೊದಲೇ, ಅದರ ತಯಾರಿಕೆ ಇಂಗ್ಲೆಂಡಿನ ಬೆಡ್‌ಫರ್ಡಿಗೆ ಹೋಯಿತು. 2009ರಲ್ಲಿ ಮತ್ತೊಂದು ಕಂಪನಿಯ ಕೈಸೇರಿದ ಮೇಲೆ ಅದು ತಯಾರಾಗುತ್ತಿರುವುದು ಅದೇ ಬರ್ಟನ್ನಿನಲ್ಲಿ. ನಮ್ಮ ಕಿಂಗ್‌ಫಿಶರನ್ನೂ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಬಹುವರ್ಷ ತಯಾರಿಸಿ ಮಾರಿದರು. ಲಂಡನ್ನಿನಲ್ಲಿ ಕುಳಿತ ಗಿರಾಕಿ ಭಾರತದ ನೀರೆಂದು ಕೆಂಟಿನ ನೀರು ಕುಡಿದ, ಹೈದರಾಬಾದಿನಲ್ಲಿ ಕುಳಿತ ನಮ್ಮ ಹುಡುಗ ಯುರೋಪಿನ ನೀರೆಂದು ಸಂಗಾರೆಡ್ಡಿಯ ನೀರು ಕುಡಿದ.

“ಪಾಕ ಒಂದೇ, ಈಸ್ಟ್ ಒಂದೇ, ಮೇಲ್ವಿಚಾರಣೆ ನಮ್ಮದೇ. ಊರು ಯಾವುದಾದರೇನು?” ಎಂದು ಕಂಪನಿಗಳು ಕೇಳುತ್ತವೆ. ಪ್ರಶ್ನೆ ತೂಕದ್ದೇ. ಸೀಮೆಬದನೆ ನಮ್ಮ ತೋಟದಲ್ಲಿಯೇ ಬೆಳೆಯುತ್ತದೆ, ತಮಿಳರು ಅದನ್ನೇ ಬೆಂಗಳೂರು ಬದನೆ ಎನ್ನುತ್ತಾರೆ. ಅದರಿಂದ ಯಾರ ಮನೆಯೂ ಮುಳುಗಲಿಲ್ಲ. ಆದರೆ ಬೀದರಿನ ಬಿದರಿ ಕೆಲಸವನ್ನು ನೋಡಿರಿ. ಸತುವಿಗೆ ತಾಮ್ರ ಬೆರೆಸಿ ಎರಕಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಹಳೆಯ ಮಣ್ಣಿನಲ್ಲಿ ಕಾಯಿಸಿದಾಗಲೇ ಆ ಕಪ್ಪು ಬರುವುದು. ಅಲ್ಲಿ ಊರಿನ ಹೆಸರು ವಸ್ತುವಿನ ಒಳಗೇ ಇದೆ. ಬಿಯರಿಗೆ ಊರು ನಿಜವಾಗಿಯೂ ಬೇಡವಾದರೆ, ದೂರದ ಊರನ್ನು ಮುಂದೆ ಚಿನ್ನದ ಅಕ್ಷರದಲ್ಲಿ ಬರೆದು ಹತ್ತಿರದ ಊರನ್ನು ಹಿಂದೆ ಇರುವೆಯಷ್ಟು ಸಣ್ಣದಾಗಿ ಬರೆಯುವುದೇಕೆ? ಊರಿಗೆ ಬೆಲೆಯಿದೆ ಎಂಬುದು ಬರೆದವನಿಗೆ ಗೊತ್ತು. ಆ ಬೆಲೆಯನ್ನೇ ಅವನು ಗಿರಾಕಿಯಿಂದ ಎಣಿಸಿಕೊಳ್ಳುತ್ತಾನೆ.

ಗೌತಮನ ನ್ಯಾಯಶಾಸ್ತ್ರದ 16 ಪದಾರ್ಥಗಳಲ್ಲಿ ‘ಛಲ’ವೂ ಒಂದು. ಕನ್ನಡದಲ್ಲಿ ಛಲವೆಂದರೆ ಹಟ. ಶಾಸ್ತ್ರದಲ್ಲಿ ಹಾಗಲ್ಲ, ಎರಡರ್ಥದ ಮಾತಿನ ಮರೆಯಲ್ಲಿ ನಡೆಸುವ ವಂಚನೆ. ಅದಕ್ಕೆ ಭಾಷ್ಯಕಾರರು ‘ನವಕಂಬಳ’ದ ಉದಾಹರಣೆ ಕೊಡುತ್ತಾರೆ: ನವ ಎಂದರೆ ಹೊಸದು, ಒಂಬತ್ತೂ ಹೌದು. ಹೊಸ ಕಂಬಳಿ ಹೊದ್ದವನನ್ನು ಕುರಿತು, ಇವನಲ್ಲಿ ಒಂಬತ್ತು ಕಂಬಳಿಗಳೆಲ್ಲಿವೆ ಎಂದು ವಾದಿಸುವುದು. ಅಲ್ಲಿ ಛಲ ಕೇಳಿಸಿಕೊಳ್ಳುವವನದು. ಸೀಸೆಯ ಚೀಟಿಯಲ್ಲಿ ಹೇಳುವವನದೇ. ಅವನು ಸುಳ್ಳನ್ನು ನುಡಿಯುವುದಿಲ್ಲ, ನಂಬುವಷ್ಟು ಜಾಗವನ್ನು ಬಿಟ್ಟಿರುತ್ತಾನೆ. ಉಳಿದದ್ದನ್ನು ಗಿರಾಕಿಯೇ ತನ್ನ ಮನೆಯವರಿಗೆ ಹೇಳಿಕೊಳ್ಳುತ್ತಾನೆ.

ರಾಜೇಶ್ವರದಿಂದ ಕಲ್ಯಾಣ ದೂರವಿಲ್ಲ. ಅಲ್ಲಿ ನೆರೆದ ಶರಣರಲ್ಲಿ ಹೆಂಡದ ಮಾರಯ್ಯನೂ ಇದ್ದ. ಹೆಂಡ ಮಾರುವ ಕಸುಬಿನಿಂದ ಬಂದವನು, ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದವನು. ಶರಣನಾದ ಮೇಲೆ ಆ ಹೆಂಡದ ಹೆಸರನ್ನು ಕಳಚಿ ಬೇರೊಂದು ಸುಂದರ ನಾಮವನ್ನು ಇಟ್ಟುಕೊಳ್ಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ, ಕಲ್ಯಾಣವೂ ಹಾಗೆ ಕೇಳಲಿಲ್ಲ. ಎಂಟು ಶತಮಾನಗಳು ಕಳೆದರೂ ಅವನ ಹಿಂದಣ ಅಕ್ಷರ ಮುಂದೆಯೇ ಇದೆ.

ಅನ್ಯರನ್ನಷ್ಟೇ ದೂರಿದರೆ ಆಗದು. ನಮ್ಮ ಮೂವತ್ತನೆಯ ವಯಸ್ಸಿನಲ್ಲಿ ಒಂದು ಜಾತ್ರೆಯಲ್ಲಿ ನೇಪಾಳದ್ದೆಂದು ನಂಬಿ ಒಂದು ರುದ್ರಾಕ್ಷಿ ಸರವನ್ನು ಹೆಚ್ಚಿನ ಬೆಲೆಗೆ ತಂದು ಗುರುಗಳ ಮುಂದಿಟ್ಟಿದ್ದೆವು. ಅವರು ಒಂದು ಮಣಿಯನ್ನು ಉಗುರಿನಿಂದ ಕೆರೆದರು. ಗೆರೆಗಳನ್ನು ಕತ್ತಿಯಿಂದ ಕೊರೆದಿದ್ದರು, ಅದು ಯಾವುದೋ ಕಾಡುಬೀಜ. ಅವರು ಬೈಯಲಿಲ್ಲ. “ನೀವು ಕೊಂಡದ್ದು ರುದ್ರಾಕ್ಷಿಯನ್ನೋ, ನೇಪಾಳವನ್ನೋ?” ಎಂದಷ್ಟೇ ಕೇಳಿದರು. ಆ ಸರ ಇಂದಿಗೂ ನಮ್ಮ ಪೆಟ್ಟಿಗೆಯಲ್ಲಿದೆ. ಯಾರಿಗೂ ಕೊಡಲು ಮನಸ್ಸು ಬಂದಿಲ್ಲ, ಎಸೆಯಲೂ ಬಂದಿಲ್ಲ.

ಇನ್ನು ಆ ಮನೆಯ ಮಾತು. ಪ್ರಸಾದವಾದ ಮೇಲೆ ನೆಂಟರೆಲ್ಲ ಅಂಗಳಕ್ಕೆ ಹೋದರು. ಯಜಮಾನರು ಮಗನನ್ನು ಒಳಗೆ ಕರೆದರು. ನಾವು ಏಳಹೋದಾಗ ಕೈಹಿಡಿದು ಕೂರಿಸಿದರು. ಕುಡಿತದ ವಿಷಯ ಎತ್ತುತ್ತಾರೆಂದು ಎಣಿಸಿದ್ದೆವು. ಅವರು ಅದನ್ನು ಎತ್ತಲೇ ಇಲ್ಲ.

“ನೀ ಮನ್ಯಾಗ ಹೇಳಿದ್ದರಾಗ ಇನ್ನ ಏನೇನು ಸಂಗಾರೆಡ್ಡೀದು ಅದಾವ, ಹೇಳಿಬಿಡು” ಎಂದರು.

ಹುಡುಗ ಬಹಳ ಹೊತ್ತು ಸುಮ್ಮನಿದ್ದು ಒಂದೊಂದಾಗಿ ಹೇಳಿದ. ಜರ್ಮನಿಯ ಸಾಹೇಬರು ಯಾರೂ ಬಂದಿರಲಿಲ್ಲ. ಸೀಸೆಗಳನ್ನು ಗೆಳೆಯರೊಡನೆ ತಾನೇ ಕೊಂಡದ್ದು, ಒಂದೊಂದಕ್ಕೂ ಹೊಲದ ಆಳಿನ ಅರ್ಧ ದಿನದ ಕೂಲಿಗಿಂತ ಹೆಚ್ಚು ತೆತ್ತು. ಬರುವ ವರ್ಷ ಕಂಪನಿ ತನ್ನನ್ನು ಜರ್ಮನಿಗೆ ಕಳಿಸುತ್ತದೆ ಎಂದು ಹೇಳಿದ್ದನಲ್ಲ, ಅದೂ ಇರಲಿಲ್ಲ. ಕಳಿಸುವವರ ಪಟ್ಟಿಯಲ್ಲಿ ತನ್ನ ಹೆಸರು ಬರಬಹುದೆಂದು ಒಂದು ಕಾಲದಲ್ಲಿ ನಂಬಿದ್ದ. ಪಟ್ಟಿ ಬಂದಾಗ ಹೆಸರಿರಲಿಲ್ಲ. ಅಷ್ಟರಲ್ಲಿ ಅಪ್ಪ ಆ ಮಾತನ್ನು ಭಾಲ್ಕಿಯ ಕಡೆಯ ಒಂದು ಮನೆಗೆ ಮುಟ್ಟಿಸಿಯಾಗಿತ್ತು. ಅವರ ಮಗಳನ್ನು ಕೇಳಿ, ವೀಳ್ಯ ಒಪ್ಪಿಸಿ ಎರಡು ತಿಂಗಳಾಗಿತ್ತು.

“ನಾನೇನೂ ಸುಳ್ಳು ಹೇಳಬೇಕಂತ ಮಾಡಿದ್ದಿಲ್ಲ ಅಪ್ಪಾ. ನೀವೇ ಎಲ್ಲಾರಿಗೂ ಹೇಳಕೋತ ಹೋದ್ರಿ. ನಾ ಸುಮ್ಮ ಕುಂತೆ” ಎಂದ ಹುಡುಗ.

ಯಜಮಾನರು ಅದಕ್ಕೆ ಉತ್ತರ ಕೊಡಲಿಲ್ಲ. ಆ ಮಾತಿನಲ್ಲಿ ತಮ್ಮ ಪಾಲೂ ಇದೆಯೆಂದು ಅವರಿಗೆ ತಿಳಿದಿರಬೇಕು. ಮರುದಿನ ಬೆಳಗಿನ ಬಸ್ಸಿಗೆ ತಾವೇ ಭಾಲ್ಕಿಗೆ ಹೊರಟರು, ಮಗನನ್ನೂ ಕರೆದೊಯ್ದರು. ನಮ್ಮನ್ನೂ ಜೊತೆಗೆ ಬರಬೇಕೆಂದು ಕೇಳಿದ್ದರು. ನಾವು ಒಲ್ಲೆವೆಂದೆವು. ಬೀಗರ ಮುಂದೆ ಶಾಸ್ತ್ರಿಗಳನ್ನು ಕೂರಿಸಿಕೊಂಡು ನಿಜ ಹೇಳಿದರೆ ಆ ನಿಜಕ್ಕೂ ಒಂದು ಚಿನ್ನದ ಚೀಟಿ ಅಂಟಿಸಿದಂತಾಗುತ್ತದೆ ಎಂದು ನಮಗೆ ಅನ್ನಿಸಿತು. ಹೇಡಿತನವೂ ಸ್ವಲ್ಪ ಇದ್ದಿತೋ ಏನೋ.

ಹದಿನೈದು ದಿನಗಳ ಮೇಲೆ ದೂರವಾಣಿಯಲ್ಲಿ ವಿಚಾರಿಸಿದೆವು. ಹುಡುಗಿಯ ತಂದೆ ಸಿಟ್ಟಾಗಿದ್ದರಂತೆ, ಆದರೆ ವೀಳ್ಯ ತಿರುಗಿಸಿಲ್ಲ. ಮಗಳನ್ನು ಕೇಳಿ ಹೇಳುತ್ತೇವೆ, ದೀಪಾವಳಿ ಕಳೆಯಲಿ ಎಂದಿದ್ದಾರೆ. ಹುಡುಗಿ ಮಾತ್ರ, ಸಂಬಳದ ಚೀಟಿಯನ್ನು ತೋರಿಸಲಿ ಎಂದು ಒಳಗಿನಿಂದಲೇ ಕೇಳಿದಳಂತೆ. ಹುಡುಗ ತೋರಿಸಿದ್ದಾನೆ.

ಕೊನೆಗೆ ಆಯಿ ದೂರವಾಣಿಗೆ ಬಂದರು. ಸೀಸೆ ಗಟ್ಟಿಯಾಗಿದೆ, ಬಿಸಾಡಲು ಮನಸ್ಸಿಲ್ಲ, ಆ ಚೀಟಿ ಮಾತ್ರ ಜಗುಲಿಯ ಮೇಲೆ ಬೇಡವೆಂದು ಎರಡು ದಿನ ಅಂಟುವಾಳದ ನೀರಿನಲ್ಲಿ ನೆನೆಹಾಕಿದ್ದಾರೆ. “ಮುಂದಿಂದು ಜಲ್ದಿ ಬಿಟ್ಟಿತು ನೋಡ್ರಿ. ಹಿಂದಿಂದು ಇನ್ನಾ ಬಿಟ್ಟಿಲ್ಲ” ಎಂದರು.